ಸೆಲ್ಲಾಚಾರ್ರು

ಸಿರುಗುಪ್ಪದ ನಮ್ಮ ಕಚೇರಿಯಲ್ಲಿ ಅವರಿಗೆ ಬೀಳ್ಕೊಡುಗೆ ಏರ್ಪಡಿಸಿದ ದಿನ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಕೊನೆಗೊಂದು ಗೋಡೆ ಗಡಿಯಾರ ಕೊಟ್ಟರು. ಅತ್ತ ಮೇಲಧಿಕಾರಿಗಳು ಮೈಕಿನ ಮುಂದೆ ನಿಂತು ಅವರ ನಿಷ್ಕಳಂಕ ಸೇವೆಯನ್ನು ಹೊಗಳುತ್ತಿದ್ದರೆ, ಇತ್ತ ಸೇವೆ ಮುಗಿಸಿದವರು ಬಣ್ಣದ ಕಾಗದ ಬಿಚ್ಚಿ, ಗಡಿಯಾರವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಉಗುರಿನಿಂದ ಸೆಲ್ಲು ಎಬ್ಬಿಸಿ ತೆಗೆದು, ಕನ್ನಡಕ ಹಣೆಗೇರಿಸಿ ಅದನ್ನು ಪರೀಕ್ಷಿಸುತ್ತಿದ್ದರು. ನೋಡಿ ಮುಗಿದ ಮೇಲೆ ಪಕ್ಕದಲ್ಲಿದ್ದ ನನ್ನ ಕೈಗೆ ದಾಟಿಸಿ, "ಗಡಿಯಾರ ಚಲೋ ಅದ. ಇದನ್ನ ಒಯ್ದು ಕಸದ ಬುಟ್ಟಿಗೆ ಹಾಕಪಾ" ಅಂದರು. ಮೆಲ್ಲಗೆ ಅಂದೆ ಎಂದು ಅವರ ನಂಬಿಕೆ. ಮೈಕಿನಲ್ಲಿ ಹೋಗಿ ಹಿಂದಿನ ಸಾಲಿನವರಿಗೂ ಕೇಳಿಸಿತು. ಸೆಲ್ಲು ತಂದಿದ್ದ ಹೆಡ್ ಕ್ಲಾರ್ಕಿನ ಮುಖ ಹುಳ್ಳಗಾಯಿತು. ಇವರು ಮಾತ್ರ ತಮ್ಮ ಬಲಜೇಬಿನಿಂದ ಬೇರೆ ಸೆಲ್ಲು ತೆಗೆದು ಹಾಕಿ, ಮುಳ್ಳು ತಿರುವಿ ಸರಿಮಾಡಿ, ಸಮಾಧಾನದಿಂದ ತಲೆಯೆತ್ತಿ ಸಭೆಗೆ ಕೈ ಮುಗಿದರು. ಭಾವುಕರಾಗಿದ್ದಾರೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು.

ಅವರು ತೀರಿಕೊಂಡು ಈಗ ವರ್ಷವಾಗುತ್ತ ಬಂತು.

ಅವರಿಗೊಂದು ಹೆಸರಿತ್ತು, ಆದರೆ ಅದು ಸರ್ವೀಸ್ ರಿಜಿಸ್ಟರಿನಲ್ಲಿ ಮಾತ್ರ. ಸಿರುಗುಪ್ಪದಲ್ಲಾಗಲಿ, ಅದಕ್ಕೆ ಮೊದಲು ಅವರು ಕೆಲಸ ಮಾಡಿದ ಕುರುಗೋಡಿನಲ್ಲಾಗಲಿ, ಬಳ್ಳಾರಿಯ ಕೌಲ್ ಬಜಾರಿನಲ್ಲಾಗಲಿ ಅವರು ಸೆಲ್ಲಾಚಾರ್ರೇ. ಮೊದಮೊದಲು ಬೆನ್ನ ಹಿಂದೆ ಹಾಗನ್ನುತ್ತಿದ್ದರಂತೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಎದುರೆದುರೇ ಅನ್ನುತ್ತಿದ್ದರು. ಅವರಿಗೆ ಅದರಿಂದ ಬೇಸರವೇನಿರಲಿಲ್ಲ. ಯಾರಾದರೂ ತಿಳಿಯದೆ "ಬ್ಯಾಟ್ರಿ ಆಚಾರ್ರು" ಅಂದರೆ ಮಾತ್ರ ತಿದ್ದುತ್ತಿದ್ದರು. ಒಂದೇ ಇದ್ದರೆ ಅದು ಸೆಲ್ಲು, ನಾಲ್ಕು ಕೂಡಿದರೆ ಬ್ಯಾಟರಿ. ತಾನು ಒಬ್ಬನೇ ಇರುವುದರಿಂದ ಸೆಲ್ಲು ಎನ್ನುವುದೇ ಸರಿ.

ಬಳ್ಳಾರಿಯ ವೈಷ್ಣವ ಮನೆತನ. ಗಿಡ್ಡ ಆಳು, ಹಣೆಗೆ ಅಂಗಾರ ಅಕ್ಷತೆ, ಎಡಜೇಬಿನಲ್ಲಿ ಎರಡು ಪೆನ್ನು, ಬಲಜೇಬಿನಲ್ಲಿ ನಾಲ್ಕೈದು ಸೆಲ್ಲು. ಊಟದ ಚೀಲದಲ್ಲಿ ಮೊಸರನ್ನದ ಡಬ್ಬಿಗೂ ಮಜ್ಜಿಗೆ ಬಾಟಲಿಗೂ ನಡುವೆ ಸೆಲ್ಲಿನ ಬಲ ಅಳೆಯುವ ಮೀಟರು. ನಾನೂ ಬಳ್ಳಾರಿಯವನೇ ಆದ್ದರಿಂದ ಇಬ್ಬರೂ ಬೆಳಿಗ್ಗೆ ಒಂದೇ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ, ಸಂಜೆ ಒಂದೇ ಬಸ್ಸಿಗೆ ವಾಪಸು ಬರುತ್ತಿದ್ದೆವು. ಅವರು ಹಿರಿಯ ಗುಮಾಸ್ತರು, ನಾನು ಕಿರಿಯ. ಹೀಗೆ ಆರು ವರ್ಷ ಅವರ ಪಕ್ಕದಲ್ಲಿ ಕೂತು ನಾನು ಸೆಲ್ಲುಗಳ ಬಗ್ಗೆ ಕೇಳಿದ್ದೇನೆ. ಬೇರೆ ಸೀಟು ಖಾಲಿ ಇದ್ದ ದಿನವೂ ಎದ್ದು ಹೋಗಲಿಲ್ಲ ಎನ್ನುವುದು ನನಗೇ ಆಶ್ಚರ್ಯ.

ಕಂಪನಿಗಳ ಹೆಸರನ್ನು ಅವರು ಬಾಯಲ್ಲಿ ತರುತ್ತಿರಲಿಲ್ಲ. ಯಾರಾದರೂ ಕೇಳಿಸಿಕೊಂಡು ಕಂಪನಿಗೆ ಹೇಳಿ, ಕಂಪನಿಯವರು ಕೋರ್ಟಿಗೆ ಎಳೆದರೆ ಎಂಬ ಭಯ. ಹಾಗಾಗಿ ತಾವೇ ನಾಮಕರಣ ಮಾಡಿದ್ದರು. ಕೆಂಪು ಹೊದಿಕೆಯದು ಕುಂಕುಮ. ಬಂಗಾರದ ಬಣ್ಣದ್ದು ಪೀತಾಂಬರ. ಕಪ್ಪಗಿನದು ಶನಿ. ಹೆಸರೂ ಇಲ್ಲದ, ಊರೂ ತಿಳಿಯದ ಬೆಳ್ಳಿ ಬಣ್ಣದ್ದಕ್ಕೆ ಅತಿಥಿ ಎಂದು ಹೆಸರು, ಯಾಕೆಂದರೆ ಅದು ಹೋಗುವ ತಿಥಿ ಯಾರಿಗೂ ಗೊತ್ತಿರುವುದಿಲ್ಲ. ಕೈಗಡಿಯಾರದ ಗುಂಡಿ ಸೆಲ್ಲುಗಳದು ಇನ್ನೂ ಮೇಲಿನ ಜಾತಿ. ಅವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ತಾಗಿದರೆ ಬಲ ಸೋರುತ್ತದೆ, ಪ್ಲಾಸ್ಟಿಕ್ಕಿನ ಚಿಮಟದಲ್ಲೇ ಎತ್ತಬೇಕು. "ಇವು ಮಡಿ ಸೆಲ್ಲು" ಎನ್ನುತ್ತಿದ್ದರು. ಒಮ್ಮೆ ನಾನು ಗೊತ್ತಿಲ್ಲದೆ ಒಂದನ್ನು ಬೆರಳಲ್ಲಿ ಹಿಡಿದಿದ್ದಕ್ಕೆ ಅದನ್ನು ಒಣ ಬಟ್ಟೆಯಿಂದ ಮೂರು ಸಲ ಒರೆಸಿ ಒಳಗಿಟ್ಟುಕೊಂಡರು. ನನ್ನನ್ನು ಏನೂ ಅನ್ನಲಿಲ್ಲ, ಆದರೆ ತೆಕ್ಕಲಕೋಟೆ ದಾಟುವವರೆಗೆ ಮಾತೂ ಆಡಲಿಲ್ಲ.

ಈ ಹುಚ್ಚು ಹತ್ತಿದ್ದು ಹೇಗೆಂದು ಒಂದು ದಿನ ಕೇಳಿದೆ. ಮದುವೆಯಿಂದ ಎಂದರು. ಕುರುಗೋಡಿನಲ್ಲಿ ಮದುವೆ, ಅಲ್ಲೇ ಹೆಣ್ಣಿನ ಕಡೆಯವರ ಮನೆ. ಮಂಟಪದ ಎದುರು ಒಂದು ದೊಡ್ಡ ಗಡಿಯಾರ ತೂಗುಹಾಕಿದ್ದರು. ಪುರೋಹಿತರು ಅದನ್ನೇ ನೋಡಿ ನೋಡಿ ಮಂತ್ರ ಹೇಳಿ ಸರಿಯಾದ ಮುಹೂರ್ತಕ್ಕೆ ಮಾಂಗಲ್ಯ ಕಟ್ಟಿಸಿದರು. ಊಟಕ್ಕೆ ಕೂತಾಗ ಯಾರೋ ತಮ್ಮ ಕೈಗಡಿಯಾರ ನೋಡಿಕೊಂಡು ಮಂಟಪದ ಗಡಿಯಾರ ಹದಿನೆಂಟು ನಿಮಿಷ ಹಿಂದಿದೆ ಎಂದರು. ಲೆಕ್ಕ ಹಾಕಿದರೆ ಮಾಂಗಲ್ಯ ಬಿದ್ದದ್ದು ರಾಹುಕಾಲದಲ್ಲಿ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಹಾಲು ಒಡೆದರೂ, ಅಳಿಯನಿಗೆ ವರ್ಗ ಆದರೂ, ಮಾವನವರು ಅದನ್ನು ಆ ಹದಿನೆಂಟು ನಿಮಿಷದ ಖಾತೆಗೆ ಹಾಕತೊಡಗಿದರಂತೆ.

"ಗಡಿಯಾರ ನಿಂತಿದ್ದಿದ್ರ ಯಾರೂ ನಂಬ್ತಿದ್ದಿಲ್ಲ ನೋಡು. ಅದು ನಡೀಲಿಕ್ಕೆ ಹತ್ತಿತ್ತು, ಅದಕ್ಕ ನಂಬಿದ್ವಿ" ಎಂದರು ಆಚಾರ್ರು. "ಸೆಲ್ಲು ಸಾಯಲಿ, ಸಾಯೋದು ತಪ್ಪಲ್ಲ. ಸುಳ್ಳು ಹೇಳ್ಕೋತ ಬದುಕಿರಬಾರದು."

ಮದುವೆಯಾದ ತಿಂಗಳಿಗೇ ಅವರು ಪರೀಕ್ಷೆ ಶುರುಮಾಡಿದ್ದರು. ನಾನು ಅವರ ಮನೆಗೆ ಮೊದಲ ಸಲ ಹೋದಾಗ ನಡುಮನೆಯ ಗೋಡೆಯ ಮೇಲೆ ಒಂದೇ ತರಹದ ಹನ್ನೊಂದು ಗಡಿಯಾರಗಳಿದ್ದವು. ಪ್ರತಿಯೊಂದರ ಕೆಳಗೆ ಒಂದು ಚೀಟಿ: ಯಾವ ಸೆಲ್ಲು, ಎಂದು ಹಾಕಿದ್ದು. ಟಿಕ್ ಟಿಕ್ ಸದ್ದು ಒಂದಕ್ಕೊಂದು ಕೂಡದೆ, ಚುರುಮುರಿ ಹುರಿಯುವ ಬಾಣಲೆಯ ಪಕ್ಕ ಕೂತಂತಿತ್ತು. ಟೈಮೆಷ್ಟು ಎಂದು ನಾನು ಗೋಡೆ ನೋಡಿದೆ. ಹತ್ತೂಕಾಲಿನಿಂದ ಹನ್ನೊಂದರವರೆಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದಿತ್ತು. ಕಾಫಿ ತಂದ ಅವರ ಹೆಂಡತಿ ನನ್ನ ಮುಖ ನೋಡಿ ನಕ್ಕು, ಆ ಮನೆಯಲ್ಲಿ ಟೈಮು ತಿಳಿಯಬೇಕೆಂದರೆ ಪಕ್ಕದ ಮನೆಯ ಕುಕ್ಕರ್ ಕೂಗುವುದನ್ನು ಕೇಳಬೇಕು ಎಂದರು. ಅಮ್ಮಾರು ಗಂಡನಷ್ಟೇ ಗಿಡ್ಡ, ಮಾತು ಕಡಿಮೆ, ಆದರೆ ಆಡಿದ್ದು ನೆಟ್ಟಗೆ ಹೋಗಿ ತಾಕುತ್ತಿತ್ತು.

ಸತ್ತ ಸೆಲ್ಲುಗಳ ವಿವರವನ್ನೆಲ್ಲ ಆಚಾರ್ರು ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನನಗೆ ತೋರಿಸಿದ್ದರು. "ಪೀತಾಂಬರ. ಹದಿನಾಲ್ಕು ತಿಂಗಳು. ಒಂದೇ ದಿನದಲ್ಲಿ ಶಾಂತವಾಗಿ ಹೋಯಿತು. ಸೋರಿಲ್ಲ." "ಶನಿ. ಒಂಬತ್ತು ತಿಂಗಳು. ಕೊನೆಯ ತಿಂಗಳು ದಿನಕ್ಕೆ ಐದು ನಿಮಿಷ ಸುಳ್ಳು. ಹೊಟ್ಟೆಯೊಡೆದು ಸೋರಿ ಗಡಿಯಾರವನ್ನೂ ಕೆಡಿಸಿತು." ಓದುತ್ತಿದ್ದರೆ ಯಾವುದೋ ಊರಿನ ಹಿರಿಯರ ಮರಣವಾರ್ತೆ ಓದಿದಂತಾಗುತ್ತಿತ್ತು.

ಅದರಲ್ಲಿ ಒಂದು ಪುಟಕ್ಕೆ ಅಡ್ಡಗೆರೆ ಎಳೆದಿತ್ತು. ಅದರ ಕತೆಯನ್ನು ಅಮ್ಮಾರು ಹೇಳಿದರು. ಅವರ ತಂದೆಗೆ, ಎಂದರೆ ಕುರುಗೋಡಿನ ಮಾವನವರಿಗೆ, ವಯಸ್ಸಾದ ಮೇಲೆ ಕಿವಿಗೊಂದು ಯಂತ್ರ ಹಾಕಿಸಿದ್ದರು. ಅದರ ಪುಟ್ಟ ಸೆಲ್ಲು ಒಂದು ವಾರಕ್ಕೆ ಮುಗಿಯುತ್ತಿತ್ತು. ದಸರೆಗೆ ಹೋದ ಅಳಿಯ ಹೊಸ ಬ್ರಾಂಡಿನದೊಂದನ್ನು ಹಾಕಿ, ತಾವು ಅಲ್ಲಿದ್ದ ಹತ್ತು ದಿನವೂ ನಿಗಾ ಇಟ್ಟರು. ಸೆಲ್ಲು ಹತ್ತು ದಿನ ಕಳೆದರೂ ಸಾಯಲಿಲ್ಲ. ಆಚಾರ್ರಿಗೆ ಬಂಗಾರ ಸಿಕ್ಕಷ್ಟು ಸಂತೋಷ. ಪುಸ್ತಕದಲ್ಲಿ ಒಂದು ಪುಟ ತುಂಬ ಹೊಗಳಿ ಬರೆದು, ಬಳ್ಳಾರಿಯಲ್ಲಿ ಕಿವಿ ಕೇಳದವರನ್ನು ಹುಡುಕಿ ಹುಡುಕಿ ಹೇಳಿಬಂದರು. ಆಮೇಲೆ ಅತ್ತೆಯವರು ಗುಟ್ಟು ಬಿಟ್ಟರು. ಅಳಿಯ ಬಾಯಿ ತೆರೆದಾಗಲೆಲ್ಲ ಮಾವನವರು ತಲೆ ಕೆರೆದುಕೊಳ್ಳುವ ನೆಪದಲ್ಲಿ ಯಂತ್ರ ಬಂದ್ ಮಾಡಿಕೊಳ್ಳುತ್ತಿದ್ದರಂತೆ. ಅಳಿಯ ಹತ್ತು ದಿನವೂ ಬಾಯಿ ಮುಚ್ಚಿರಲಿಲ್ಲ.

ಕೌಲ್ ಬಜಾರಿನಲ್ಲಿ ಒಬ್ಬ ಗಡಿಯಾರ ರಿಪೇರಿಯ ಸಾಬರಿದ್ದರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಅದನ್ನು ತೆಗೆಯದೆಯೇ ಇನ್ನೊಂದು ಕಣ್ಣಲ್ಲಿ ಗಿರಾಕಿಯನ್ನು ನೋಡಿ ಮಾತಾಡುವವರು. ಆಚಾರ್ರಿಗೆ ಸರಿಸಮನಾದ ಎದುರಾಳಿ ಎಂದರೆ ಅವರೊಬ್ಬರೇ. ಶನಿವಾರ ಸಂಜೆ ಬಸ್ಸಿಳಿದು ಆಚಾರ್ರು ನೇರ ಅಲ್ಲಿಗೆ ಹೋಗುತ್ತಿದ್ದರು, ಕೆಲವೊಮ್ಮೆ ನನ್ನನ್ನೂ ಎಳೆದುಕೊಂಡು. ಸಾಬರದು ಒಂದೇ ಮಾತು.

"ಕಂಪನಿ ನೋಡಬ್ಯಾಡ್ರಿ ಆಚಾರ್ರ, ಅಂಗಡಿ ನೋಡ್ರಿ. ನಮ್ಮ ಬಳ್ಳಾರಿ ಬಿಸಲಾಗ ಎರಡು ಬ್ಯಾಸಿಗಿ ಶೋಕೇಸ್‌ನ್ಯಾಗ ಕುಂತದ್ದು ಯಾವ ಕಂಪನಿದಾದ್ರೇನ್ರಿ, ಒಳಗ ಬೆಂದ್ ಹೋಗಿರ್ತೈತಿ."

ಆಚಾರ್ರು ಒಪ್ಪುತ್ತಿರಲಿಲ್ಲ. ಒಳ್ಳೆಯ ಕುಲದ್ದು ಎಲ್ಲಿಟ್ಟರೂ ಒಳ್ಳೆಯದೇ ಎಂದು ಇವರ ವಾದ. ಕೊನೆಗೆ ಪಂಥ ಕಟ್ಟಿದರು. ಒಂದೇ ತರಹದ ಎರಡು ಗಡಿಯಾರ. ಒಂದಕ್ಕೆ ಆಚಾರ್ರು ಪೇಟೆಯ ದೊಡ್ಡ ಅಂಗಡಿಯೊಂದರ ಗಾಜಿನ ಕಪಾಟಿನಿಂದ ಕೊಂಡುತಂದ ಪೀತಾಂಬರ. ಇನ್ನೊಂದಕ್ಕೆ ಸಾಬರು ಅದೇ ವಾರ ಬಂದ ಪೆಟ್ಟಿಗೆಯಿಂದ, ಅದೂ ನೀರಿನ ಗಡಿಗೆಯ ಪಕ್ಕದ ತಂಪಿನಲ್ಲಿಟ್ಟಿದ್ದ, ಸಾಮಾನ್ಯ ಕುಂಕುಮ. ಸೋತವರು ಗೆದ್ದವರ ಮಾತು ಸರಿ ಎಂದು ನಾಲ್ಕು ಜನರ ಎದುರು ಹೇಳಬೇಕು. ಎರಡೂ ಗಡಿಯಾರ ಸಾಬರ ಗೋಡೆಯ ಮೇಲೆ ನೇತಾಡಿದವು. ಎಂಟನೆಯ ತಿಂಗಳು ಪೀತಾಂಬರ ತಡವರಿಸಿತು. ಕುಂಕುಮ ಮುಂದಿನ ಯುಗಾದಿಯನ್ನೂ ದಾಟಿತು.

ಆಚಾರ್ರು ಸೋಲು ಒಪ್ಪಲಿಲ್ಲ. ಒಂದು ಸೆಲ್ಲು ಸತ್ತರೆ ಕುಲವೇ ಕೆಟ್ಟಿತೇ ಎಂದು ವಾದಿಸಿದರು. ಆಮೇಲೆ ಆರು ತಿಂಗಳು ಕೌಲ್ ಬಜಾರಿನ ದಾರಿಯನ್ನೇ ಬಿಟ್ಟು ಸುತ್ತು ಹಾಕಿಕೊಂಡು ಮನೆಗೆ ಹೋದರು. ಮಾತು ಸರಿ ಎಂದು ಹೇಳುವುದೇನೋ ಬಾಕಿಯೇ ಉಳಿಯಿತು.

ಆ ವರ್ಷದ ಸುಗ್ಗಿಯಲ್ಲಿ ಸಿರುಗುಪ್ಪದಲ್ಲಿ ಒಂದು ಭತ್ತ ಖರೀದಿ ಕೇಂದ್ರ ತೆರೆದಾಗ, ರಿಜಿಸ್ಟರ್ ಬರೆಯಲು ನಮ್ಮಿಬ್ಬರನ್ನು ಅಲ್ಲಿಗೆ ಹಾಕಿದರು. ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ಸಾಲು ನಿಲ್ಲುತ್ತಿದ್ದವು. ಊಟದ ಡಬ್ಬಿಯಷ್ಟಿದ್ದ ಒಂದು ಯಂತ್ರದಲ್ಲಿ ಒಂದು ಹಿಡಿ ಕಾಳು ಹಾಕಿದರೆ ಭತ್ತದಲ್ಲಿ ತೇವ ಎಷ್ಟಿದೆಯೆಂದು ಅಂಕಿ ತೋರಿಸುತ್ತಿತ್ತು. ಮಿತಿಗಿಂತ ಹೆಚ್ಚು ಬಂದರೆ ಒಣಗಿಸಿಕೊಂಡು ಬನ್ನಿ ಎಂದು ವಾಪಸು ಕಳಿಸುವುದು. ಯಂತ್ರ ನೋಡಿಕೊಳ್ಳಲು ದಪ್ಪ ಮೀಸೆಯ ಪರೀಕ್ಷಕನೊಬ್ಬನಿದ್ದ. ಅವನಿಗೆ ಆಚಾರ್ರ ಖ್ಯಾತಿ ಗೊತ್ತಿತ್ತು. ಮೊದಲ ದಿನವೇ ಬಂದು, ಇದಕ್ಕೆ ಯಾವ ಸೆಲ್ಲು ಹಾಕಲಿ ಎಂದು ವಿನಯದಿಂದ ಕೇಳಿದ. ಸರ್ಕಾರಿ ಕೆಲಸಕ್ಕೆ ತಮ್ಮ ವಿದ್ಯೆ ಬೇಕಾದದ್ದು ಅದೇ ಮೊದಲು. ಆಚಾರ್ರು ಸಂಭ್ರಮದಿಂದ ಚೀಲದಿಂದ, ಪೇಟೆಯ ಅದೇ ದೊಡ್ಡ ಅಂಗಡಿಯಲ್ಲಿ ಕೊಂಡಿದ್ದ ಪೀತಾಂಬರದ ಪೊಟ್ಟಣ ತೆಗೆದು ನಾಲ್ಕು ಸೆಲ್ಲು ತಮ್ಮ ಕೈಯಾರೆ ಹಾಕಿಕೊಟ್ಟರು. ಆವತ್ತು ಕಾಲ ಸಾಲದೆ ಮೀಟರಿನಲ್ಲಿ ಅಳೆಯಲಿಲ್ಲ. ಪೀತಾಂಬರವನ್ನು ಅಳೆಯುವುದೇನು ಎಂಬ ಧೈರ್ಯವೂ ಇತ್ತು.

ಮೂರು ದಿನ ಸರಿಯಾಗಿ ನಡೆಯಿತು. ನಾಲ್ಕನೆಯ ದಿನದಿಂದ ಟ್ರ್ಯಾಕ್ಟರುಗಳು ಒಂದೊಂದಾಗಿ ವಾಪಸು ಹೋಗತೊಡಗಿದವು. ಯಂತ್ರ ತೇವ ತೇವ ಎನ್ನುತ್ತಿತ್ತು. ಕಾಲುವೆ ನೀರಿನ ಭತ್ತ, ಹಸಿ ಇರಬಹುದು ಎಂದು ನಾವೂ ಸುಮ್ಮನಿದ್ದೆವು. ಏಳನೆಯ ದಿನ ಹಚ್ಚೊಳ್ಳಿಯ ಹೆಣ್ಣುಮಗಳೊಬ್ಬಳು ಬಂದಳು. ನಲವತ್ತರ ಆಸುಪಾಸು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಅವಳು ಬಂದದ್ದು ಅದು ಎರಡನೆಯ ಸಲ. ಎರಡು ದಿನ ರಸ್ತೆಯ ಮೇಲೆ ಭತ್ತ ಹರವಿ ಒಣಗಿಸಿ ಮತ್ತೆ ತುಂಬಿಕೊಂಡು ಬಂದಿದ್ದಳು. ಯಂತ್ರ ಮೊದಲಿಗಿಂತ ಹೆಚ್ಚು ತೋರಿಸಿತು. ಪರೀಕ್ಷಕ ತಲೆ ಅಲ್ಲಾಡಿಸಿದ. ಅವಳು ಅವನನ್ನು ಬಿಟ್ಟು ನಮ್ಮ ಮೇಜಿಗೆ ಬಂದು ಒಂದು ಹಿಡಿ ಭತ್ತವನ್ನು ರಿಜಿಸ್ಟರಿನ ಮೇಲೇ ಸುರಿದಳು.

"ಒಣಗಿಸಿದಷ್ಟೂ ಹಸಿ ಆಗಾಕ ಇದೇನ್ ಮೈ ಒರಸೋ ಬಟ್ಟೇನ್ರಿ? ಕಡದು ನೋಡ್ರಿ ಯಪ್ಪಾ. ಹಸಿ ಇದ್ರ ನೀವ ಹೇಳ್ರಿ, ನಾ ಹೊಳ್ಳಿ ಹೊಕ್ಕೀನಿ."

ಆಚಾರ್ರು ಕಾಳು ಕೈಗೆತ್ತಿಕೊಂಡರು. ಅವತ್ತು ಏಕಾದಶಿ. ಕಾಳು ಬಾಯಿಗೆ ಹಾಕುವಂತಿರಲಿಲ್ಲ. ಅದನ್ನು ನನ್ನ ಕೈಗಿಟ್ಟು, ನೀನು ಕಡಿ, ನಾನು ಕೇಳ್ತೀನಿ ಎಂದು ನನ್ನ ದವಡೆಯ ಹತ್ತಿರ ಕಿವಿ ತಂದರು. ಸುತ್ತ ನಿಂತ ಟ್ರ್ಯಾಕ್ಟರಿನವರೆಲ್ಲ ನೋಡುತ್ತಿದ್ದರು. ನಾನು ಕಡಿದೆ. ಒಣಕಾಳು ಕಟ್ ಎಂದಿತು. ಇನ್ನೊಂದು ಎಂದರು. ಅದೂ ಕಟ್ ಎಂದಿತು. ಅವರ ಮುಖದ ಬಣ್ಣ ಇಳಿಯಿತು. ಎದ್ದು ಹೋಗಿ ಯಂತ್ರದ ಹಿಂಬದಿಯ ಮುಚ್ಚಳ ಬಿಚ್ಚಿ, ನಾಲ್ಕೂ ಸೆಲ್ಲು ಹೊರತೆಗೆದು ಮೀಟರು ಹಚ್ಚಿದರು. ಎರಡು ಸೆಲ್ಲು ಅರ್ಧಜೀವವಾಗಿದ್ದವು. ಯಂತ್ರ ಬೆಳಗುವಷ್ಟು ಬಲ ಇತ್ತು, ನಿಜ ಹೇಳುವಷ್ಟು ಇರಲಿಲ್ಲ.

ಹತ್ತಿರದ ಕಿರಾಣಿ ಅಂಗಡಿಯಿಂದ ನಾನು ಹೊಸ ಸೆಲ್ಲು ತಂದೆ. ಒಂದೊಂದನ್ನೂ ಅಳೆದು ಹಾಕಿದರು. ಹಚ್ಚೊಳ್ಳಿಯ ಭತ್ತ ಮಿತಿಯೊಳಗೆ ಇಳಿದು ನಿಂತಿತು. ಆ ಹೆಣ್ಣುಮಗಳು ಅಂಕಿ ನೋಡಿದಳು. ರಿಜಿಸ್ಟರಿನ ಮೇಲೆ ಚೆಲ್ಲಿದ್ದ ಕಾಳನ್ನು ಬಳಿದು ಸೆರಗಿಗೆ ಹಾಕಿಕೊಂಡು ಚೀಲ ಇಳಿಸಲು ಹೋದಳು.

ಕೇಂದ್ರದ ಮೇಲ್ವಿಚಾರಕರು ಆಚಾರ್ರನ್ನು ಪಕ್ಕಕ್ಕೆ ಕರೆದರು. ಕೆಟ್ಟ ಮನುಷ್ಯರೇನಲ್ಲ, ಹೆದರಿದವರು. ಸೆಲ್ಲು ಬದಲಾಯಿತಲ್ಲ, ಇನ್ನು ಆ ಮಾತು ಬೇಡ; ವಾಪಸು ಹೋದವರ ವರದಿ ಈಗಾಗಲೇ ಮೇಲಕ್ಕೆ ಹೋಗಿದೆ; ನಿಮಗೂ ರಿಟೈರಾಗಲು ಒಂದೇ ವರ್ಷ ಇದೆ ಎಂದರು. ಯಾರಿಗೂ ತಿಳಿಯುವುದಿಲ್ಲ ಎಂದೂ ಸೇರಿಸಿದರು. ಆಚಾರ್ರು ಎಲ್ಲವನ್ನೂ ತಲೆ ಆಡಿಸಿ ಕೇಳಿ, ಬಂದು ಕೂತು, ರಿಜಿಸ್ಟರ್ ತೆಗೆದು ದಪ್ಪ ಅಕ್ಷರದಲ್ಲಿ ಬರೆದರು: "ಯಂತ್ರದ ಸೆಲ್ಲು ದುರ್ಬಲವಾಗಿ ನಾಲ್ಕು ದಿನ ಸುಳ್ಳು ಅಂಕಿ ತೋರಿಸಿದೆ. ಸದರಿ ಸೆಲ್ಲನ್ನು ಕೊಟ್ಟವನು ನಾನೇ." ಕೆಳಗೆ ಸಹಿ.

ಆ ನಾಲ್ಕು ದಿನದಲ್ಲಿ ವಾಪಸು ಹೋದವರು ಹದಿನೇಳು ಮಂದಿ. ಅವರ ಹೆಸರು, ಊರು ಒಂದು ಹಾಳೆಗೆ ಇಳಿಸಿಕೊಂಡು, ಭಾನುವಾರ ನಿನ್ನ ಬೈಕು ತಾ ಎಂದರು. ಫೋನ್ ಮಾಡೋಣ ಎಂದೆ. ನಂಬರು ಇಲ್ಲದವರೂ ಇದ್ದರು. ಅಲ್ಲದೆ ತಪ್ಪು ಒಪ್ಪುವುದನ್ನು ಫೋನಿನಲ್ಲಿ ಮಾಡುವುದು ಅವರಿಗೆ ಸರಿಕಾಣಲಿಲ್ಲ.

ಮೊದಲು ಕೆಂಚನಗುಡ್ಡಕ್ಕೆ ಹೋದೆವು. ಕೆಟ್ಟದ್ದೆಂದರೆ, ಆಚಾರ್ರಿಗೆ ಮಾತನ್ನು ನಡುವಿನಿಂದ ಶುರುಮಾಡಲು ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಸೆಲ್ಲಿನೊಳಗೆ ಬಲ ಹೇಗೆ ಹುಟ್ಟುತ್ತದೆ ಎಂಬಲ್ಲಿಂದಲೇ ಹೊರಡುತ್ತಿದ್ದರು. ಒಬ್ಬ ಮುದುಕರು ಕೊನೆಯವರೆಗೆ ತಾಳ್ಮೆಯಿಂದ ಕೇಳಿ, ಒಳಗೆ ಹೋಗಿ ಟಾರ್ಚು ತಂದು, ಇದಕ್ಕೆ ಎರಡು ಕೊಡ್ರಿ, ಎಷ್ಟಾಗತೈತಿ ಎಂದು ಕೇಳಿದರು. ಆಚಾರ್ರು ಜೇಬಿನಿಂದ ಎರಡು ಸೆಲ್ಲು ತೆಗೆದು ಅಳೆದು ಹಾಕಿಕೊಟ್ಟು ಮತ್ತೆ ಮೊದಲಿನಿಂದ ಶುರುಮಾಡಿದರು. ಇನ್ನೊಂದು ಮನೆಯಲ್ಲಿ ಸೆಲ್ಲು ಮಾರುವವರು ಬಂದಿದ್ದಾರೆಂದು ಬಾಗಿಲೇ ತೆರೆಯಲಿಲ್ಲ. ಆಮೇಲಿನ ಊರುಗಳಲ್ಲಿ ನಾನೇ ಮುಂದಾಗಿ ಒಂದೇ ಮಾತಿನಲ್ಲಿ, ಯಂತ್ರ ಕೆಟ್ಟಿತ್ತು, ನಿಮ್ಮ ಭತ್ತ ಚೆನ್ನಾಗಿದೆ, ನಾಳೆ ತನ್ನಿ ಎಂದು ಹೇಳಿಬಿಡುತ್ತಿದ್ದೆ. ಆಚಾರ್ರು ಹಿಂದೆ ನಿಂತು ಕೈಕೈ ಹಿಸುಕಿಕೊಳ್ಳುತ್ತಿದ್ದರು.

ಹಚ್ಚೊಳ್ಳಿ ಹತ್ತಿರದ ಒಂದು ಮನೆಯಲ್ಲಿ ಮಾತ್ರ ನನ್ನ ಮಾತು ನಡೆಯಲಿಲ್ಲ. ಆ ಯಜಮಾನ ತನ್ನ ಭತ್ತವನ್ನು ಹಿಂದಿನ ದಿನವೇ ದಲ್ಲಾಳಿಯೊಬ್ಬನಿಗೆ ಅವನು ಕೇಳಿದ ಕಡಿಮೆ ಬೆಲೆಗೆ ಕೊಟ್ಟುಬಿಟ್ಟಿದ್ದ. ಬೈಯಲಿಲ್ಲ. ಕಟ್ಟೆಯ ಮೇಲೆ ಕೂತಲ್ಲಿಂದಲೇ, "ಹೋದ ಭತ್ತ ಹೊಳ್ಳಿ ಬರ್ತೈತೇನ್ರಿ?" ಎಂದ.

ಆಚಾರ್ರು ಅವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತರು. "ಇಲ್ಲಪಾ, ಬರೋದಿಲ್ಲ. ತಪ್ಪು ನಂದು" ಎಂದರು. ಅಷ್ಟೇ. ಸೆಲ್ಲಿನ ಸುದ್ದಿಯೇ ಎತ್ತಲಿಲ್ಲ, ಆರು ವರ್ಷದಲ್ಲಿ ಅದೇ ಮೊದಲು. ಅವನ ಹೆಂಡತಿ ಒಳಗಿನಿಂದ ಎರಡು ಲೋಟ ಮಜ್ಜಿಗೆ ತಂದಿಟ್ಟಳು. ಬೇರೆಯವರ ಮನೆಯಲ್ಲಿ ನೀರನ್ನೂ ಮುಟ್ಟದ ಆಚಾರ್ರು ಲೋಟ ಎತ್ತಿ ಪೂರ್ತಿ ಕುಡಿದರು.

ಹದಿನೇಳರಲ್ಲಿ ಹದಿನಾಲ್ಕು ಟ್ರ್ಯಾಕ್ಟರು ಆ ವಾರವೇ ಮರಳಿ ಬಂದು ಭತ್ತ ಹಾಕಿ ಹೋದವು. ಅದರ ಮುಂದಿನ ವಾರ ಆಚಾರ್ರಿಗೆ ಕಾರಣ ಕೇಳಿ ನೋಟಿಸು ಬಂತು. ಅನುಮತಿಯಿಲ್ಲದೆ ಸರ್ಕಾರಿ ಯಂತ್ರ ಬಿಚ್ಚಿದ್ದು, ರಿಜಿಸ್ಟರಿನಲ್ಲಿ ಅಸಂಬದ್ಧ ವಿಷಯ ಬರೆದದ್ದು, ಎರಡು ಆರೋಪ. ಉತ್ತರಕ್ಕೆ ಏಳು ದಿನ ಗಡುವು. ರಿಟೈರಾಗುವ ಹೊತ್ತಿನಲ್ಲಿ ಪಿಂಚಣಿಗೆ ಕೊಕ್ಕೆ ಬೀಳಬಹುದೆಂದು ನಾವೆಲ್ಲ ಹೆದರಿದೆವು. ಕ್ಷಮೆ ಕೇಳಿ ನಾಲ್ಕು ಸಾಲು ಬರೆದುಕೊಡಿ ಎಂದೆವು. ಆಚಾರ್ರು ಇಪ್ಪತ್ತಮೂರು ಪುಟ ಬರೆದರು. ಕುಂಕುಮ, ಪೀತಾಂಬರ, ಶನಿ, ಅತಿಥಿಗಳ ಆಯುಷ್ಯ, ಸ್ವಭಾವ, ಮರಣಕ್ರಮ, ಬಿಸಿಲಿನ ಪರಿಣಾಮ, ಮದುವೆಯ ಮುಹೂರ್ತದ ಉದಾಹರಣೆ, ಮಾವನವರ ಕಿವಿಯ ಯಂತ್ರದಿಂದ ತಾನು ಕಲಿತ ಪಾಠ. ಕೊನೆಯಲ್ಲಿ, ಇನ್ನಷ್ಟು ವಿವರ ಬೇಕಾದರೆ ಖುದ್ದು ಹಾಜರಾಗಿ ಗಡಿಯಾರಗಳ ಸಮೇತ ವಿವರಿಸಲು ಸಿದ್ಧ ಎಂದಿತ್ತು.

ಮೇಲಿನವರು ಅದನ್ನು ಪೂರ್ತಿ ಓದಿದರೋ ಇಲ್ಲವೋ ತಿಳಿಯದು. ಹದಿನೈದು ದಿನಕ್ಕೆ ಕಡತ ಮುಕ್ತಾಯ ಎಂಬ ಎರಡು ಸಾಲಿನ ಪತ್ರ ಬಂತು. ಖುದ್ದು ಹಾಜರಾಗುವ ಅಗತ್ಯವಿಲ್ಲ ಎಂಬುದರ ಕೆಳಗೆ ಗೆರೆ ಎಳೆದಿತ್ತು.

ಆ ಶನಿವಾರ ಬಸ್ಸಿಳಿದವರು ಸುತ್ತು ಹಾಕದೆ ಕೌಲ್ ಬಜಾರಿಗೆ ನಡೆದರು. ನಾನೂ ಹೋದೆ. ಸಾಬರ ಅಂಗಡಿಯಲ್ಲಿ ಇಬ್ಬರೇ ಗಿರಾಕಿಗಳಿದ್ದರು. ಆಚಾರ್ರು ಮೂಲೆಯಲ್ಲಿ ನಿಂತು ಕಾದರು. ಇನ್ನೊಬ್ಬ ಗಿರಾಕಿ ಬಂದ. ನನ್ನನ್ನೂ ಎಣಿಸಿ ನಾಲ್ಕು ಜನ ಆಯಿತು ಎಂದು ಖಾತ್ರಿ ಮಾಡಿಕೊಂಡ ಮೇಲೆ, "ಸಾಬ್ರ, ನೀವು ಹೇಳಿದ್ದು ಖರೆ. ಕಂಪನಿ ಅಲ್ಲ, ಅಂಗಡಿ" ಎಂದರು. ಸಾಬರು ಮೊದಲ ಸಲ ಭೂತಗನ್ನಡಿ ಕಣ್ಣಿನಿಂದ ತೆಗೆದು ಕೆಳಗಿಟ್ಟರು. ಚಹಾ ತರಿಸುತ್ತೇನೆ ಎಂದು ಎದ್ದವರು, ಇವರು ಹೊರಗೆ ಕುಡಿಯುವುದಿಲ್ಲ ಎಂದು ನೆನಪಾಗಿ ಒಂದು ಸ್ಟೂಲು ಎಳೆದು ಅದನ್ನು ಒರೆಸಿ ಕೂರಿಸಿದರು. ರಿಟೈರಾದ ಮೇಲೆ ಆಚಾರ್ರು ದಿನಾ ಬೆಳಿಗ್ಗೆ ಹತ್ತರಿಂದ ಊಟದ ಹೊತ್ತಿನವರೆಗೆ ಅದೇ ಸ್ಟೂಲಿನ ಮೇಲೆ ಇರುತ್ತಿದ್ದರು. ಗಡಿಯಾರ ರಿಪೇರಿಗೆ ಬಂದವರು ಸೆಲ್ಲಿನ ಸಲಹೆಯನ್ನೂ ಕೇಳಿಕೊಂಡೇ ಹೋಗಬೇಕಿತ್ತು. ವ್ಯಾಪಾರ ಸ್ವಲ್ಪ ತಗ್ಗಿತೆಂದು ಸಾಬರು ನನ್ನ ಹತ್ತಿರ ಹೇಳಿದ್ದುಂಟು, ಆದರೆ ಅವರು ಬಾರದ ದಿನ ಮನೆಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು.

ಎರಡು ವರ್ಷದ ನಂತರ ಒಂದು ದಿನ ಅದೇ ಸ್ಟೂಲಿನಿಂದ ತಲೆ ತಿರುಗಿ ಬಿದ್ದರು. ಸಾಬರೇ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಎದೆಬಡಿತ ತೀರ ನಿಧಾನ, ಪೇಸ್‌ಮೇಕರ್ ಹಾಕಬೇಕು ಎಂದರು ಡಾಕ್ಟರು. ಎದೆಯ ಚರ್ಮದ ಕೆಳಗೆ ಇಡುವ ಪುಟ್ಟ ಯಂತ್ರ, ಹೃದಯ ತಡೆದಾಗ ತಟ್ಟಿ ನಡೆಸುತ್ತದೆ ಎಂದು ವಿವರಿಸಿದರು. ಆಚಾರ್ರು ಮಲಗಿದಲ್ಲಿಂದಲೇ ಅದು ಯಾವುದರಿಂದ ನಡೆಯುತ್ತದೆ ಎಂದು ಕೇಳಿದರು. ಬ್ಯಾಟರಿ ಎಂದರು ಡಾಕ್ಟರು. ಒಂದೋ, ನಾಲ್ಕೋ ಎಂದು ಇವರು ಕೇಳಿದರು. ಅಲ್ಲಿಂದ ಮುಕ್ಕಾಲು ಗಂಟೆ ಆ ಡಾಕ್ಟರು ಬೇರೆ ಪೇಷಂಟನ್ನು ನೋಡಲಾಗಲಿಲ್ಲವಂತೆ. ಅದು ಮುಗಿಯುವುದಕ್ಕೆ ತಿಂಗಳುಗಳ ಮೊದಲೇ ತಪಾಸಣೆಯಲ್ಲಿ ತಿಳಿಯುತ್ತದೆ, ಮೋಸ ಮಾಡುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಒಪ್ಪಿಗೆಗೆ ಸಹಿ ಹಾಕಿದರು. ನೋಡಲು ಹೋದ ನನಗೆ ಅಂಗಿಯ ಮೇಲಿನಿಂದ ಜಾಗ ಮುಟ್ಟಿಸಿ, "ಹತ್ತು ವರ್ಷ ಅಂತ ಹೇಳ್ಯಾರ. ಬಿಚ್ಚಿ ನೋಡಲಿಕ್ಕೆ ಬರೋದಿಲ್ಲ, ಅದೊಂದೇ ಬ್ಯಾಸರ" ಎಂದರು.

ಹತ್ತು ವರ್ಷ ಆಗಲಿಲ್ಲ. ಎರಡೂ ತುಂಬಿರಲಿಲ್ಲ, ಮಳೆಗಾಲದಲ್ಲಿ ನ್ಯುಮೋನಿಯಾ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟರು. ಆಗ ನಾನು ಟ್ರೈನಿಂಗಿಗೆ ಬೇರೆ ಊರಲ್ಲಿದ್ದೆ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಮನೆಗೆ ಹೋದೆ. ಅಮ್ಮಾರು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತಿದ್ದರು. ಅಳುತ್ತಿರಲಿಲ್ಲ. ನಾನು ಕೂತ ಮೇಲೆ ಅವರೇ ಹೇಳತೊಡಗಿದರು.

ಸುಡುವ ಮೊದಲು ಆ ಯಂತ್ರ ತೆಗೆಯಬೇಕು, ಇಲ್ಲದಿದ್ದರೆ ಬೆಂಕಿಗೆ ಸಿಡಿಯುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ತೆಗೆದು, ತೊಳೆದು, ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಅಮ್ಮಾರ ಕೈಗೆ ಕೊಟ್ಟರಂತೆ. ಇದು ಮುಗಿದು ಅವರು ಹೋದರೇನು ಎಂದು ಇವರು ಕೇಳಿದ್ದಾರೆ. ಇಲ್ಲಮ್ಮ, ಇದಕ್ಕೇನೂ ಆಗಿಲ್ಲ, ಇನ್ನೂ ಎಂಟು ವರ್ಷ ನಡೆಯುತ್ತದೆ ಎಂದಿದ್ದಾರೆ ಡಾಕ್ಟರು. ಹಾಗಾದರೆ ಬೇರೆಯವರಿಗೆ ಹಾಕಬಹುದೇ ಎಂದು ಅಮ್ಮಾರು ಕೇಳಿದರಂತೆ. ಡಾಕ್ಟರು ತಡೆದು ತಡೆದು, ಇಲ್ಲಿ ಆಗುವುದಿಲ್ಲ, ಆದರೆ ಇಂಥವನ್ನು ಪಡೆದು ಶುದ್ಧಮಾಡಿ ಪರೀಕ್ಷಿಸಿ, ಕೊಳ್ಳಲಾಗದವರಿಗೆ ಕೊಡುವವರಿದ್ದಾರೆಂದು ಕೇಳಿದ್ದೇನೆ, ವಿಚಾರಿಸುತ್ತೇನೆ ಎಂದರಂತೆ.

"ಅವರಿದ್ದಿದ್ರ ಯಾರಿಗೆ ಹಾಕ್ತೀರಿ, ಹೆಂಗ ಇಟ್ಟಿರ್ತೀರಿ, ಎಲ್ಲಿ ಇಟ್ಟಿರ್ತೀರಿ ಅಂತ ಸಂಜೀತನಕ ಕೇಳ್ತಿದ್ರು" ಎಂದರು ಅಮ್ಮಾರು. ಸೆರಗಿನಿಂದ ಮೂಗು ಒರೆಸಿಕೊಂಡರು. "ನಾ ಏನೂ ಕೇಳ್ಲಿಲ್ಲ. ಕೊಟ್ಟು ಬಂದೆ."